ಕೆರೆಯ ದಂಡೆಯಲ್ಲಿ ಒಂದು ಬೀಡು

ಬೀದರ ನಗರದಿಂದ ಮೂಡಲಿಗೆ ಮೂರು ನಾಲ್ಕು ಕಿಲೋಮೀಟರು ಹೋದರೆ ಅಷ್ಟೂರ. ಹೊಲಗಳ ನಡುವೆ ಬಹಮನೀ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದು, 1436ರಲ್ಲಿ ಕಾಲವಾದ ಅಹಮದ್ ಷಾನ ಸಮಾಧಿ ಇರುವುದು ಇಲ್ಲಿಯೇ. ಮುಸಲ್ಮಾನರಿಗೆ ಅವನು ವಲಿ. ಅನೇಕ ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು. ಹೋಳಿ ಹುಣ್ಣಿಮೆ ಕಳೆದ ಮೇಲೆ ನಡೆಯುವ ಇಲ್ಲಿಯ ಉರುಸಿಗೆ ಆಳಂದ ತಾಲ್ಲೂಕಿನ ಮಡಿಯಾಳದ ಜಂಗಮರು ಭಕ್ತರೊಡನೆ ಕಾಲುನಡಿಗೆಯಲ್ಲಿ ಬರುವ ಸಂಪ್ರದಾಯವುಂಟು. ಅಷ್ಟು ದೂರ ನಡೆದು ಬರುವವರು ನಡುವೆ ಎಲ್ಲಿಯಾದರೂ ರಾತ್ರಿಗಳನ್ನು ಕಳೆಯಲೇಬೇಕು. ಎಲ್ಲಿ ನೀರು ಉಂಟು, ಎಲ್ಲಿ ನೆರಳು ಉಂಟು, ಯಾವ ಊರಿನಲ್ಲಿ ಯಾರನ್ನು ಕೇಳಬೇಕು ಎಂಬುದನ್ನು ಅರಿಯದೆ ಅಂಥ ಪಯಣ ಸಾಗದು.

ಈಗ ನಮ್ಮ ಪಟ್ಟಣದ ತರುಣರು ಬೇರೆ ಬಗೆಯ ಬೀಡಿಗೆ ಮನಸೋತಿದ್ದಾರೆ. ಕೆರೆಯ ದಂಡೆಯಲ್ಲೋ ಕಾಡಿನ ಅಂಚಿನಲ್ಲೋ ಒಂದೆರಡು ರಾತ್ರಿ ಡೇರೆ ಹಾಕಿಕೊಂಡು ಇರಬೇಕೆಂಬ ಆಸೆ ಅದು. ಆಸೆ ಒಳ್ಳೆಯದೇ. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು ಬರುವ ಸೀಮೆ ನಮ್ಮದು. ಬಯಲಿನಲ್ಲಿ ಉಣ್ಣುವ ಸುಖವನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಹಗಲು ಉಂಡು ಬರುವುದು ಒಂದು, ರಾತ್ರಿ ಮಲಗಿ ಏಳುವುದು ಇನ್ನೊಂದು. ಎರಡನೆಯದಕ್ಕೆ ಸಿದ್ಧತೆ ಬೇಕು.

ಆ ಸಿದ್ಧತೆಯ ಮೊದಲ ಪಾಠವನ್ನು ನಾನು ಕಲಿತದ್ದು ಪೆಟ್ಟು ತಿಂದು. ಅಧ್ಯಾಪಕನಾಗಿದ್ದ ಕಾಲದಲ್ಲಿ ಒಮ್ಮೆ ಹನ್ನೆರಡು ಮಂದಿ ವಿದ್ಯಾರ್ಥಿಗಳೊಡನೆ ಭಾಲ್ಕಿಯ ಕಡೆಯ ಒಂದು ಕೆರೆಗೆ ಹೋಗಿದ್ದೆ. ಮಾರ್ಚ್ ತಿಂಗಳು. ನೀರು ಹಿಂದೆ ಸರಿದು, ದಂಡೆಯ ಕೆಳಗೆ ಮಟ್ಟಸವಾದ ವಿಶಾಲ ನೆಲ ತೆರೆದುಕೊಂಡಿತ್ತು. ಗೂಟಗಳು ಬೆಣ್ಣೆಯಲ್ಲಿ ಇಳಿದಂತೆ ಇಳಿದವು. ನಡುರಾತ್ರಿ ಗುಡುಗು ಸಹಿತ ಅಕಾಲದ ಮಳೆ ಬಂತು. ಒಂದು ಗಂಟೆಯೊಳಗೆ ಆ ಎರೆ ನೆಲ ಮೊಣಕಾಲುದ್ದದ ಕೆಸರಾಯಿತು. ಮೇಲಿನ ಇಳಿಜಾರಿನಿಂದ ನೀರು ನಮ್ಮ ಡೇರೆಗಳ ನಡುವೆಯೇ ಹರಿಯತೊಡಗಿತು. ಇಬ್ಬರು ಹುಡುಗರು ಕತ್ತಲಲ್ಲಿ ದಾರಿ ತಪ್ಪಿ ನೀರಿನ ಕಡೆಗೇ ನಡೆದಿದ್ದರು. ಅವರ ಕೂಗು ಕೇಳಿ ಕೈ ಹಿಡಿದು ಎಳೆದು ತಂದ ಆ ಗಳಿಗೆ ಇಂದಿಗೂ ನನ್ನ ನಿದ್ದೆ ಕೆಡಿಸುವುದುಂಟು. ಬೆಳಗ್ಗೆ ಹತ್ತಿರದ ಹೊಲದ ಹಿರಿಯ ರೈತರೊಬ್ಬರು ಎತ್ತು ತಂದು ನಮ್ಮ ಸಾಮಾನುಗಳನ್ನು ಎಳೆಸಿಕೊಟ್ಟರು. ಬಯ್ಯಲಿಲ್ಲ, ಒಂದೇ ಮಾತು ಕೇಳಿದರು: “ಕೆರಿ ಅಂಗಳದಾಗ ಯಾರರೆ ಮಲಗ್ತಾರೇನ್ರಿ ಮಾಸ್ತರ್ರೆ?”

ಆ ಮಾತು ನನ್ನನ್ನು ನಾಚಿಸಿತು. ಕೆರೆಯಂಗಳ ಎಂಬ ಪದವನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೆನೋ! ಅಂಗಳವೆಂದರೆ ಮನೆಯವರದು. ಕೆರೆಯ ಅಂಗಳ ನೀರಿಗೆ ಸೇರಿದ್ದು. ನೀರು ಊರಿಗೆ ಹೋದಾಗ ಬರಿದಾಗಿ ಕಂಡರೂ ಮನೆಯೊಡೆಯ ಮರಳಿ ಬರುವವನೇ. ಪದ ನನಗೆ ಗೊತ್ತಿತ್ತು, ನೆಲ ಗೊತ್ತಿರಲಿಲ್ಲ.

ಕೆರೆಯ ಬಗ್ಗೆ ಕನ್ನಡದಲ್ಲಿರುವ ಮಾತುಗಳನ್ನು ಒಂದೊಂದಾಗಿ ನೆನೆದರೆ ಬೀಡಿನ ಜಾಗವನ್ನು ಆರಿಸುವ ವಿದ್ಯೆಯೆಲ್ಲ ಅವುಗಳಲ್ಲೇ ಅಡಗಿದೆ. ಏರಿ ಎಂದರೆ ನೀರನ್ನು ತಡೆದು ನಿಂತ ಮಣ್ಣಿನ ಒಡ್ಡು. ಅಲ್ಲಿ ಗೂಟ ಹೊಡೆಯಬಾರದು, ಒಲೆಗೆಂದು ಅಗೆಯಬಾರದು. ಕೋಡಿ ಎಂದರೆ ತುಂಬಿದ ಕೆರೆ ಹೆಚ್ಚಿನ ನೀರನ್ನು ಹೊರಕ್ಕೆ ಬಿಡುವ ದಾರಿ. ಅದರ ಕೆಳಗಿನ ಹಳ್ಳ ಒಣಗಿದ್ದರೂ ಮಲಗುವ ಜಾಗವಲ್ಲ. ತೂಬಿನ ಕೆಳಗಿನ ಅಚ್ಚುಕಟ್ಟು ಬೆಳೆಯ ಭೂಮಿ. ರೈತನ ಒಪ್ಪಿಗೆಯಿಲ್ಲದೆ ಕಾಲಿಡುವಂತಿಲ್ಲ. ಇವೆಲ್ಲವನ್ನೂ ಕಳೆದರೆ ಉಳಿಯುವುದು ಪಕ್ಕದ ದಿನ್ನೆ. ಹಳೆಯ ನೀರಿನ ಗುರುತಿಗಿಂತ ಎತ್ತರದಲ್ಲಿ, ದಂಡೆಯಿಂದ ಇನ್ನೂರು ಅಡಿಯಾದರೂ ದೂರದಲ್ಲಿ, ನೀರು ಹರಿದುಹೋಗುವಷ್ಟು ಸಣ್ಣ ಇಳಿಜಾರು ಇರುವ ದಿನ್ನೆ. ಬೀಡಿಗೆ ತಕ್ಕ ನೆಲ ಅದೇ.

ನಮ್ಮ ಜಿಲ್ಲೆಯಲ್ಲಿ ನೆಲವು ಎರಡು ಬಗೆ. ಬೀದರ ನಗರ ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಈ ಕಲ್ಲು ರಂಧ್ರಮಯ; ಮಳೆಯ ನೀರು ಅದರೊಳಗೆ ಇಳಿದು, ಅಡಿಯ ಬಿಗಿಯಾದ ಪದರವನ್ನು ಮುಟ್ಟಿ, ಗುಡ್ಡದ ಅಂಚಿನಲ್ಲಿ ಬುಗ್ಗೆಯಾಗಿ ಹೊರಬೀಳುತ್ತದೆ. ನೌಬಾದಿನ ಸುರಂಗ ಬಾವಿ ತೋಡಿದವರು ಈ ಗುಟ್ಟನ್ನು ಬಲ್ಲವರಾಗಿದ್ದರು. ಜಂಬಿಟ್ಟಿಗೆಯ ನೆಲದಲ್ಲಿ ಕೆಸರಾಗುವುದು ಕಡಮೆ, ಆದರೆ ಗೂಟ ಇಳಿಯದು. ಹಗ್ಗವನ್ನು ದೊಡ್ಡ ಕಲ್ಲುಗಳಿಗೆ ಕಟ್ಟಬೇಕು. ಭಾಲ್ಕಿ, ಔರಾದಗಳ ಕಡೆಯ ಎರೆ ಭೂಮಿಯಲ್ಲಿ ಗೂಟ ಸುಲಭವಾಗಿ ಇಳಿಯುತ್ತದೆ. ಮಳೆ ಬಿದ್ದರೆ ಮನುಷ್ಯನೂ ಇಳಿಯುತ್ತಾನೆ. ಕಾರಂಜಾ ಜಲಾಶಯದ ಹಿನ್ನೀರಿನ ಅಂಚು ಋತುವಿನೊಡನೆ ಹಿಂದುಮುಂದಾಗುತ್ತದೆ ಎಂಬುದನ್ನೂ ಮರೆಯಬಾರದು.

ಕಾಲದ ವಿಚಾರ. ನವೆಂಬರಿನಿಂದ ಫೆಬ್ರವರಿಯವರೆಗೆ ಇಲ್ಲಿ ಬೀಡು ಬಿಡಲು ಹಿತವಾದ ದಿನಗಳು. ಚಳಿಯ ರಾತ್ರಿಗಳಲ್ಲಿ ಉಷ್ಣತೆ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದುಂಟು. ಹೊದಿಕೆಯಷ್ಟೇ ಹಾಸಿಗೆಯೂ ದಪ್ಪವಿರಲಿ, ಏಕೆಂದರೆ ಮೈಯ ಬಿಸಿಯನ್ನು ನೆಲ ಹೀರುತ್ತದೆ. ಮಾರ್ಚ್ ಕಳೆದ ಮೇಲೆ ಸಿಡಿಲಿನ ಮಳೆಯ ಭಯ. ಗುಡುಗು ಕೇಳಿದೊಡನೆ ನೀರಿನ ಅಂಚನ್ನೂ ಒಂಟಿ ಮರವನ್ನೂ ಬಿಟ್ಟು, ಗಟ್ಟಿಯಾದ ಕಟ್ಟಡವನ್ನೋ ಮುಚ್ಚಿದ ವಾಹನವನ್ನೋ ಸೇರಬೇಕು. ಡೇರೆಯ ಬಟ್ಟೆ ಸಿಡಿಲಿಗೆ ಅಡ್ಡಿಯಲ್ಲ.

ಕಾಡಿಗೆ ಹೋಗುವವರಿಗೆ ಅನುಮತಿಯೇ ಮೊದಲ ಸಾಮಾನು. ಬೀದರದ ಬಳಿಯ ಹೊನ್ನಿಕೇರಿ ಕಾಯ್ದಿಟ್ಟ ಅರಣ್ಯ. 1963ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಅಂಥ ಕಾಡಿನಲ್ಲಿ ಅಪ್ಪಣೆಯಿಲ್ಲದೆ ಹೊಗುವುದೂ ಬೆಂಕಿ ಹೊತ್ತಿಸುವುದೂ ಅಪರಾಧ. ಮೊದಲ ಸಲ ಹೋಗುವವರು ವಿಲಾಸಪುರ ಕೆರೆಯ ಬಳಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಕಟ್ಟಿರುವ ತಂಗುದಾಣದಂಥ ಜಾಗವನ್ನು ವಿಚಾರಿಸುವುದು ಲೇಸು. ಆ ತಂಗುದಾಣಕ್ಕೆ ಕೃಷ್ಣಮೃಗದ ಹೆಸರನ್ನೇ ಇಟ್ಟಿದ್ದಾರೆ. ಕೃಷ್ಣಮೃಗ ದಟ್ಟ ಕಾಡಿನ ಪ್ರಾಣಿಯಲ್ಲ, ಬಯಲು ಹುಲ್ಲಿನದು. ಎಳೆಯ ಮರಿಯನ್ನು ತಾಯಿ ಹುಲ್ಲಿನಲ್ಲಿ ಅಡಗಿಸಿ ಮೇಯಲು ಹೋಗುತ್ತದೆ. ಒಂಟಿಯಾಗಿ ಬಿದ್ದ ಮರಿಯನ್ನು ಕಂಡು, ಅನಾಥವೆಂದು ಮರುಗಿ ಎತ್ತಿಕೊಂಡರೆ ತಾಯಿಮಕ್ಕಳನ್ನು ಅಗಲಿಸಿದಂತೆ. ಬೇಸಗೆಯ ಒಣ ಹುಲ್ಲಿಗೆ ಬಿದ್ದ ಒಂದು ಕಿಡಿಯಂತೂ ಆ ಬಯಲಿನ ಬದುಕನ್ನೇ ಸುಟ್ಟೀತು. ಆದುದರಿಂದ ಅಡಿಗೆಗೆ ಸ್ಟೌ ಸಾಕು. ಅದೂ ಹುಲ್ಲು ತೆಗೆದ ಬರಿ ನೆಲದ ಮೇಲೆ, ಪಕ್ಕದಲ್ಲಿ ಒಂದು ಕೊಡ ನೀರಿಟ್ಟುಕೊಂಡು.

ಬುತ್ತಿಯ ವಿಷಯದಲ್ಲಿ ನಮ್ಮ ತಾಯಂದಿರೇ ಗುರುಗಳು. ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳಿನ ಹಿಂಡಿ ಇವು ನಾಲ್ಕು ದಿನ ಕೆಡವು, ಒಲೆಯನ್ನೂ ಬೇಡವು. ಕುಡಿಯಲು ಮತ್ತು ಅಡಿಗೆಗೆ ಒಬ್ಬರಿಗೆ ದಿನಕ್ಕೆ ಐದು ಲೀಟರಿನಂತೆ ಲೆಕ್ಕ ಹಾಕಿದರೆ, ಆರು ಮಂದಿಗೆ ಎರಡು ದಿನಕ್ಕೆ ಅರವತ್ತು ಲೀಟರು ನೀರು. ಕೆರೆಯ ನೀರನ್ನೇ ಕುಡಿಯಬೇಕಾಗಿ ಬಂದರೆ ಬಟ್ಟೆಯಲ್ಲಿ ಸೋಸಿ, ಕೊತಕೊತನೆ ಒಂದು ನಿಮಿಷವಾದರೂ ಕುದಿಸಬೇಕು. ಪಾತ್ರೆಯ ಸಾಬೂನಿನ ನೀರು ಕೆರೆಗೆ ಸೇರಬಾರದು. ದನಕರುಗಳು ಕುಡಿಯುವ ನೀರು ಅದು. ಬಹಿರ್ದೆಸೆಗೂ ನೀರಿನಿಂದ ಇನ್ನೂರು ಅಡಿ ದೂರ ಹೋಗಿ, ಗೇಣುದ್ದದ ಗುಂಡಿ ತೋಡಿ ಮುಚ್ಚಬೇಕು.

ಇನ್ನು ಹಾವಿನ ಭಯ. ಕಟ್ಟುಹಾವು ರಾತ್ರಿ ಸಂಚಾರಿ; ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು, ಕಚ್ಚಿದ ನೋವು ಕೆಲವೊಮ್ಮೆ ತಿಳಿಯುವುದೇ ಇಲ್ಲ. ತಳ ಹೊಲಿದ, ಬಾಗಿಲು ಪೂರ್ತಿ ಮುಚ್ಚುವ ಡೇರೆ ಇರಲಿ. ಇಲ್ಲವೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿರಿ. ಟಾರ್ಚು ಇಲ್ಲದೆ ಹೆಜ್ಜೆ ಇಡಬೇಡಿರಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಸಲ್ಲದು. ಕಚ್ಚಿದ ಅಂಗವನ್ನು ಅಲುಗಿಸದೆ, ವಿಷಕ್ಕೆ ಪ್ರತಿವಿಷವುಳ್ಳ ಆಸ್ಪತ್ರೆಗೆ ಒಡನೆ ಕರೆದೊಯ್ಯಬೇಕು. ಆ ಆಸ್ಪತ್ರೆ ಎಲ್ಲಿದೆ, ಎಷ್ಟು ಹೊತ್ತಿನ ದಾರಿ ಎಂಬುದನ್ನು ಮನೆಯಿಂದ ಹೊರಡುವ ಮುನ್ನವೇ ತಿಳಿದಿರಬೇಕು. ಎಲ್ಲಿಗೆ ಹೋಗುತ್ತೇವೆ, ಎಂದು ಮರಳುತ್ತೇವೆ ಎಂಬುದನ್ನು ಮನೆಯಲ್ಲಿ ಒಬ್ಬರಿಗೆ ಬರೆದುಕೊಟ್ಟಿರಬೇಕು.

ಬೀಡು ಎಂಬ ಮಾತು ಬಿಡು ಎಂಬುದರಿಂದ ಬಂದದ್ದು. ಅದರಲ್ಲಿ ಇಳಿದುಕೊಳ್ಳುವ ಅರ್ಥವಿರುವಂತೆಯೇ ಬಿಟ್ಟು ಹೊರಡುವ ಅರ್ಥವೂ ನನಗೆ ಕೇಳಿಸುತ್ತದೆ. ಆ ಘಟನೆಯಾದ ಮರುವರ್ಷ ನಾವು ಅದೇ ಕೆರೆಗೆ ಡಿಸೆಂಬರಿನಲ್ಲಿ ಹೋದೆವು. ಮೊದಲು ಆ ರೈತರ ಮನೆಗೆ ಹೋಗಿ, “ಯಜಮಾನರೆ, ಎಲ್ಲಿ ಇಳಿಯೋಣ?” ಎಂದು ಕೇಳಿದೆ. ಅವರು ಕೋಲಿನಿಂದ ಒಂದು ದಿನ್ನೆಯನ್ನು ತೋರಿಸಿದರು. ಎರಡು ರಾತ್ರಿ ಸುಖವಾಗಿ ಮಲಗಿದೆವು. ಹೊರಡುವ ಬೆಳಗ್ಗೆ ಅವರು ಬಂದು ನೆಲವನ್ನು ಸುತ್ತಿ ನೋಡಿ, ಬಾಗಿ ಒಂದು ಚೂರು ಹಗ್ಗವನ್ನು ಎತ್ತಿ ನನ್ನ ಕೈಗಿತ್ತರು. ಅದೊಂದನ್ನು ನಾವು ಮರೆತಿದ್ದೆವು.