ಜೆ.ಜೆ.ಯಲ್ಲಿ ಬಣ್ಣ ಕಲಿತು ಬಾಳು ಕಟ್ಟಿದ ಬಿ. ಪ್ರಭಾ

ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ ಇಳಿದು ಕ್ರಾಫರ್ಡ್ ಮಾರ್ಕೆಟ್‌ನತ್ತ ಹೆಜ್ಜೆ ಹಾಕುವ ಮುಂಬಯಿ ಕನ್ನಡಿಗರಿಗೆ ಸರ್ ಜೆ.ಜೆ. ಕಲಾಶಾಲೆಯ ಆವರಣ ಹೊಸತೇನಲ್ಲ. 1857ರಲ್ಲಿ ಆರಂಭವಾದ ಈ ಸಂಸ್ಥೆಯ ಹೆಸರೆತ್ತಿದರೆ ನಮ್ಮವರಿಗೆ ಮೊದಲು ನೆನಪಾಗುವವರು ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು. ಅವರು ಅಲ್ಲಿಯೇ ಕಲಿತು ಅಲ್ಲಿಯೇ ಕಲಿಸಿದವರು. ಅದೇ ಶಾಲೆಯಲ್ಲಿ 1950ರ ದಶಕದಲ್ಲಿ ತನ್ನನ್ನು ತಾನು ಕಂಡುಕೊಂಡ ಯುವತಿಯೊಬ್ಬರ ಕಥೆ ಹೆಣ್ಣುಮಕ್ಕಳಿರುವ ಪ್ರತಿ ಮನೆಯೂ ತಿಳಿಯತಕ್ಕದ್ದು. ಅವರೇ ಚಿತ್ರ ಕಲಾವಿದೆ ಬಿ. ಪ್ರಭಾ.

1933ರಲ್ಲಿ ನಾಗಪುರದ ಸಮೀಪದ ಬೇಲಾ ಎಂಬ ಹಳ್ಳಿಯಲ್ಲಿ ಹುಟ್ಟಿದ ಪ್ರಭಾ, ನಾಗಪುರದ ಕಲಾಶಾಲೆಯಲ್ಲಿ ಮೊದಲ ಪಾಠ ಕಲಿತು ಮುಂಬಯಿಗೆ ಬಂದರು. ಜೆ.ಜೆ.ಯಲ್ಲಿ ಚಿತ್ರಕಲೆ ಹಾಗೂ ಭಿತ್ತಿಚಿತ್ರದಲ್ಲಿ ಡಿಪ್ಲೊಮಾ ಪಡೆದರು. ಇನ್ನೂ ವಿದ್ಯಾರ್ಥಿನಿಯಾಗಿದ್ದಾಗಲೇ ಅವರ ಚೊಚ್ಚಲ ಪ್ರದರ್ಶನ ನಡೆಯಿತು. ಅದರಲ್ಲಿ ಮೂರು ಚಿತ್ರಗಳನ್ನು ಕೊಂಡವರು ಅಣುವಿಜ್ಞಾನಿ ಹೋಮಿ ಭಾಭಾ!

ಕಲೆಯ ಒಡನಾಟದಲ್ಲಿಯೇ ಬಾಳಸಂಗಾತಿಯೂ ದೊರೆತರು. 1956ರಲ್ಲಿ ಪ್ರಭಾ ಶಿಲ್ಪಿ ಬಿ. ವಿಠಲ್ ಅವರ ಕೈಹಿಡಿದರು. ಅದೇ ವರ್ಷ ದಂಪತಿ ಜತೆಯಾಗಿ ಕಲಾಪ್ರದರ್ಶನವನ್ನೂ ಏರ್ಪಡಿಸಿದರು. ಮದುವೆಯಾದೊಡನೆ ಕುಂಚ ಮೂಲೆ ಸೇರುವುದು ಅಂದಿಗೂ ಇಂದಿಗೂ ಅಪರೂಪವಲ್ಲ. ಇಲ್ಲಿ ಹಾಗಾಗಲಿಲ್ಲ. ಪತಿಯದು ಶಿಲ್ಪ, ಪತ್ನಿಯದು ಕ್ಯಾನ್ವಾಸ್. ಇಬ್ಬರದೂ ಬೇರೆ ಬೇರೆ ದಾರಿ, ಬಾಳು ಮಾತ್ರ ಒಂದೇ.

ಆ ದಿನಗಳಲ್ಲಿ ಏರ್ ಇಂಡಿಯಾ ಸಂಸ್ಥೆಯು ಪ್ರಭಾ ಅವರ ಆರು ಚಿತ್ರಗಳನ್ನು ತಲಾ 87.50 ರೂ.ಗೆ ಖರೀದಿಸಿತು. ಲೆಕ್ಕ ಹಾಕಿದರೆ ಒಟ್ಟು 525 ರೂ. ಮುಂದೆ ಬೃಹತ್ತಾಗಿ ಬೆಳೆದ ಸಂಸ್ಥೆಯ ಕಲಾಸಂಗ್ರಹಕ್ಕೆ ನಾಂದಿಯಾದದ್ದು ಇದೇ ಖರೀದಿ. ಇಂದು ಹರಾಜಿನಲ್ಲಿ ಅವರ ಒಂದೊಂದು ಚಿತ್ರಕ್ಕೆ ಲಕ್ಷಗಟ್ಟಲೆ ಬೆಲೆ.

ಹಣಕ್ಕಿಂತ ದೊಡ್ಡ ಗಳಿಕೆ ಮತ್ತೊಂದಿದೆ. ಆರಂಭದಲ್ಲಿ ಅಮೂರ್ತ ಶೈಲಿಯ ಪ್ರಯೋಗ ಮಾಡಿದ ಪ್ರಭಾ ಕೊನೆಗೆ ತನ್ನದೇ ವಸ್ತುವನ್ನು ಕಂಡುಕೊಂಡರು. ಮೀನಿನ ಬುಟ್ಟಿ ಹೊತ್ತ ಕೋಳಿ ಸಮಾಜದ ಮಹಿಳೆಯರು, ದುಡಿದು ದಣಿದ ಹಳ್ಳಿಯ ಹೆಂಗಸರು ಅವರ ಕ್ಯಾನ್ವಾಸ್ ಏರಿದರು. ನೀಳ ಕತ್ತು, ನೀಳ ಮೈ, ಮುಖದಲ್ಲಿ ಮೌನ, ಹಿನ್ನೆಲೆಯಲ್ಲಿ ಹೆಚ್ಚಾಗಿ ಒಂದೇ ಬಣ್ಣದ ಹರಹು. ಅಮೃತಾ ಶೇರ್‌ಗಿಲ್ ಅವರ ಕಲೆಯ ಪ್ರೇರಣೆಯಿದ್ದರೂ ಕೆಳಗಿನ ಸಹಿಯನ್ನು ನೋಡದೆಯೇ ಇದು ಪ್ರಭಾರದ್ದೆಂದು ಗುರುತಿಸಬಹುದು. 2001ರಲ್ಲಿ ಅವರು ನಿಧನರಾದರು.

ಸಂಘಗಳ ಚಿತ್ರಕಲಾ ಸ್ಪರ್ಧೆಯಲ್ಲಿ ಮಗಳಿಗೆ ಬಹುಮಾನ ಬಂದರೆ ನಾವು ಚಪ್ಪಾಳೆ ತಟ್ಟುತ್ತೇವೆ. ಅದೇ ಮಗಳು ಹನ್ನೆರಡನೆಯ ತರಗತಿ ಮುಗಿಸಿ ಕಲಾಶಾಲೆಗೆ ಸೇರುತ್ತೇನೆಂದರೆ ಹೊಟ್ಟೆಪಾಡಿನ ಪ್ರಶ್ನೆ ಏಳುತ್ತದೆ. ಕಾಲೇಜಿನಲ್ಲಿ ಯಾರನ್ನಾದರೂ ಮೆಚ್ಚಿಕೊಂಡಾಳೆಂಬ ಭಯ ಬೇರೆ. ಹೆತ್ತವರ ಈ ಚಿಂತೆ ತಪ್ಪಲ್ಲ, ಎಲ್ಲರೂ ಪ್ರಭಾ ಆಗಲಾರರು. ಆದರೆ ಕಲಿಕೆ ಗಟ್ಟಿಯಾಗಿದ್ದರೆ, ಜತೆಗಾರ ಅದನ್ನು ಗೌರವಿಸುವವನಾಗಿದ್ದರೆ, ಒಲವು ಹೆಣ್ಣಿನ ಕೈಯಿಂದ ಕುಂಚವನ್ನು ಕಸಿಯುವುದಿಲ್ಲ ಎಂಬುದಕ್ಕೆ ಪ್ರಭಾ ಅವರ ಬಾಳೇ ಸಾಕ್ಷಿ. ಬೇಡ ಎನ್ನುವ ಮುನ್ನ ಮಗಳ ಚಿತ್ರಪುಸ್ತಕವನ್ನು ಒಮ್ಮೆ ಬಿಡುವು ಮಾಡಿಕೊಂಡು ತೆರೆದು ನೋಡಬಾರದೇ?