ಜೇನುಮೇಣದ ಬತ್ತಿ ಮತ್ತು ಮನೆಯ ಸುಗಂಧ

(ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ರೈತರ ಉಪಯೋಗಕ್ಕಾಗಿ)

ಜೇನುತುಪ್ಪವನ್ನು ಹಿಂಡಿದ ಬಳಿಕ ಉಳಿಯುವ ಎರಿಯನ್ನು ನಿಷ್ಪ್ರಯೋಜಕವೆಂದು ಬೇಲಿಯಾಚೆ ಎಸೆದುಬಿಡುವುದುಂಟು. ಹೀಗೆ ಎಸೆದ ಎರಿಯು ಕೆಲವು ವಾರಗಳೊಳಗೆ ಮೇಣದ ಪತಂಗದ ಹುಳುಗಳಿಗೆ ಆಹಾರವಾಗಿ ಹಾಳಾಗುವುದಲ್ಲದೆ, ಆ ಪತಂಗವು ಅಲ್ಲಿಯೇ ವೃದ್ಧಿಹೊಂದಿ ಹತ್ತಿರದ ಜೇನುಪೆಟ್ಟಿಗೆಗಳನ್ನೂ ಹೊಕ್ಕು ಕೆಡಿಸುತ್ತದೆ. ಮೇಣವೆಂಬುದು ನೊಣಗಳು ಹೂವಿನಿಂದ ತರುವ ಪದಾರ್ಥವಲ್ಲ. ಎಳೆಯ ಕೆಲಸಗಾರ ನೊಣಗಳ ಹೊಟ್ಟೆಯ ಕೆಳಭಾಗದಲ್ಲಿರುವ ನಾಲ್ಕು ಜೊತೆ ಗ್ರಂಥಿಗಳಿಂದ ಅದು ಸಣ್ಣ ಹಲ್ಲೆಗಳಾಗಿ ಒಸರುತ್ತದೆ. ಒಂದು ಪಾಲು ಮೇಣವನ್ನು ಉಂಟುಮಾಡಲು ನೊಣಗಳು ಅದರ ಹಲವು ಪಾಲು ಜೇನನ್ನು ತಿನ್ನಬೇಕಾಗುತ್ತದೆ. ಆದಕಾರಣ ಎರಿಯನ್ನು ಎಸೆಯುವವನು ತುಪ್ಪವನ್ನೇ ಎಸೆದಂತಾಗುವುದು.

ಈ ಸೀಮೆಯಲ್ಲಿ ಮೇಣವು ಹೆಚ್ಚಾಗಿ ದೊರೆಯುವುದು ಹೆಜ್ಜೇನಿನಿಂದ. ರಾತ್ರಿಯಲ್ಲಿ ಪಂಜು ಹಿಡಿದು ಹುಟ್ಟನ್ನು ಸುಟ್ಟು, ಮರಿಗಳಿರುವ ಎರಿಯನ್ನೂ ಸೇರಿಸಿ ಕತ್ತರಿಸುವ ಪದ್ಧತಿಯು ಅತಿ ಕೆಟ್ಟದ್ದು. ಒಂದು ಸಲದ ಆದಾಯಕ್ಕಾಗಿ ಇಡೀ ಕುಟುಂಬವೇ ನಾಶವಾಗುವುದು. ಸಿಕ್ಕಿದ ಮೇಣವೂ ಮರಿಗಳ ರಸದಿಂದ ಕಪ್ಪಾಗಿರುವುದು. ಹೆಜ್ಜೇನು ಕಾಲಕ್ಕೆ ತಕ್ಕಂತೆ ವಲಸೆ ಹೋಗುವ ಜಾತಿ. ಅದು ಬಿಟ್ಟುಹೋದ ಬರಿಯ ಎರಿಯನ್ನು ಪತಂಗ ತಗಲುವ ಮೊದಲೇ ಇಳಿಸಿಕೊಂಡರೆ ಯಾವ ಹಿಂಸೆಯೂ ಇಲ್ಲದೆ ಮೇಣವು ದೊರೆಯುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನಿಂದಾದರೋ ತುಪ್ಪ ತೆಗೆಯುವಾಗ ಕೊಯ್ಯುವ ಮುಚ್ಚಳದ ಮೇಣ ಮಾತ್ರವೇ ಸಿಕ್ಕುವುದು. ಇದು ಸ್ವಲ್ಪವಾದರೂ ಎಲ್ಲಕ್ಕಿಂತ ಶುಭ್ರವಾದದ್ದು. 1991-92ರ ಸುಮಾರಿನಲ್ಲಿ ದಕ್ಷಿಣ ದೇಶಕ್ಕೆ ಹಬ್ಬಿದ ಮರಿಚೀಲದ ರೋಗದಿಂದ ತುಡುವೆಯ ಕುಟುಂಬಗಳು ಬಹುಪಾಲು ನಾಶವಾದುದನ್ನು ಜೇನು ಸಾಕುವವರು ಮರೆತಿಲ್ಲ. ಅಂಥ ನೊಣದ ಮೇಣವನ್ನು ಮೊದಲು ಎರಿಹಾಳೆಗಳಾಗಿ ಮಾಡಿ ಪೆಟ್ಟಿಗೆಗೇ ಹಿಂದಿರುಗಿಸುವುದು ವಿವೇಕ. ಅದರಲ್ಲಿ ಮಿಕ್ಕಿದ್ದಷ್ಟೇ ಬತ್ತಿಗೆ.

ಶೋಧಿಸುವ ಕ್ರಮ: ಎರಿಯನ್ನು ಚೂರುಮಾಡಿ ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು ತೊಳೆಯತಕ್ಕದ್ದು. ಬಳಿಕ ತೆಳುವಾದ ಗೋಣಿಯ ಚೀಲದಲ್ಲಿ ಕಟ್ಟಿ, ನೀರು ತುಂಬಿದ ಪಾತ್ರೆಯಲ್ಲಿ ಕಲ್ಲಿನ ಭಾರವಿಟ್ಟು ಮುಳುಗಿಸಿ ಸಣ್ಣ ಉರಿಯಲ್ಲಿ ಕಾಯಿಸಬೇಕು. ಮೇಣವು ಸುಮಾರು 62ರಿಂದ 64 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿ, ನೀರಿಗಿಂತ ಹಗುರವಾದ್ದರಿಂದ ಮೇಲಕ್ಕೆ ತೇಲುತ್ತದೆ. ಕಸವು ಚೀಲದಲ್ಲಿಯೇ ನಿಲ್ಲುವುದು. ಪಾತ್ರೆಯನ್ನು ಬಟ್ಟೆಯಿಂದ ಸುತ್ತಿ ನಿಧಾನವಾಗಿ ಆರಲು ಬಿಟ್ಟರೆ ಮಾರನೆಯ ದಿನ ಮೇಣದ ಬಿಲ್ಲೆಯನ್ನು ಇಡಿಯಾಗಿ ಎತ್ತಬಹುದು. ಅಡಿಗೆ ಅಂಟಿದ ಮಡ್ಡಿಯನ್ನು ಕೆರೆದು ತೆಗೆಯಬೇಕು. ಬಯಲುಸೀಮೆಯ ಬಾವಿಗಳ ಗಡಸುನೀರು ಮೇಣದೊಡನೆ ಕೂಡಿ ಸಾಬೂನಿನಂತಹ ಬೂದುಬಣ್ಣದ ಹಿಟ್ಟಾಗುವುದರಿಂದ ಮಳೆಯ ನೀರೇ ಉತ್ತಮ. ಕಬ್ಬಿಣದ ಪಾತ್ರೆಯು ಬಣ್ಣವನ್ನು ಕೆಡಿಸುವುದು. ಅಲ್ಯೂಮಿನಿಯಂ ಅಥವಾ ತುಕ್ಕು ಹಿಡಿಯದ ಉಕ್ಕಿನ ಪಾತ್ರೆಯನ್ನು ಬಳಸಬೇಕು. ಮೇಣವನ್ನು ನೇರವಾಗಿ ಉರಿಯ ಮೇಲೆ ಎಂದಿಗೂ ಇಡಕೂಡದು. ಹೆಚ್ಚು ಕಾದ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕುವುದು ಅಪಾಯಕರ. ಮುಚ್ಚಳ ಮುಚ್ಚಿ ಆರಿಸಬೇಕು.

ಬತ್ತಿಗೆ ದೀಪದ ಹೊಸೆದ ಬತ್ತಿಯು ಒಗ್ಗದು. ಹತ್ತಿಯ ನೂಲನ್ನು ಜಡೆಯಂತೆ ಹೆಣೆದ ಬತ್ತಿಯಾದರೆ ಉರಿಯುವಾಗ ತುದಿ ಬಾಗಿ ತಾನೇ ಸುಟ್ಟುಹೋಗುವುದು, ಕುಡಿ ಕತ್ತರಿಸುವ ತೊಂದರೆ ಕಡಿಮೆ. ಹತ್ತಿ ಬೆಳೆಯುವ ರಾಣೆಬೆನ್ನೂರು ಸೀಮೆಯಲ್ಲಿ ಇದಕ್ಕೆ ನೂಲು ಹುಡುಕಬೇಕಾಗಿಲ್ಲ. ಎತ್ತರವಾದ ಡಬ್ಬಿಯಲ್ಲಿ ಮೇಣವನ್ನು ತುಂಬಿ, ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ಮೇಣದ ಶಾಖವು ಸುಮಾರು 70 ಡಿಗ್ರಿ ಇರುವಂತೆ ನೋಡಿಕೊಂಡು, ಬತ್ತಿಯನ್ನು ಗುಳ್ಳೆಗಳು ನಿಲ್ಲುವ ತನಕ ಅದ್ದಿಟ್ಟು ನೆಟ್ಟಗೆ ಎಳೆದು ಆರಿಸಬೇಕು. ಆಮೇಲೆ ಅದ್ದುವುದು, ಆರಿಸುವುದು. ಬೇಕಾದ ದಪ್ಪ ಬರುವವರೆಗೆ ಇದೇ ಕೆಲಸ. ಅವಸರಪಟ್ಟು ಹೆಚ್ಚು ಹೊತ್ತು ಅದ್ದಿದರೆ ಹಿಂದಿನ ಪದರವೂ ಕರಗಿಹೋಗುವುದು. ದಪ್ಪ ಬತ್ತಿಗೆ ತೆಳು ನೂಲು ಹಾಕಿದರೆ ನಡುವೆ ಗುಳಿಬಿದ್ದು ದೀಪ ಮುಳುಗುತ್ತದೆ. ತೆಳು ಬತ್ತಿಗೆ ದಪ್ಪ ನೂಲಾದರೆ ಹೊಗೆ. ಒಂದೆರಡನ್ನು ಉರಿಸಿ ನೋಡದೆ ಮಾರಾಟಕ್ಕೆ ಇಳಿಯಬಾರದು.

ಈಗಿನ ಅಂಗಡಿಗಳಲ್ಲಿ ಜೇನುಮೇಣದ ಬತ್ತಿಯು ಮನೆಯ ಗಾಳಿಯನ್ನು ಶುದ್ಧಮಾಡುವುದೆಂದು ಹೇಳುವುದುಂಟು. ಇದಕ್ಕೆ ಆಧಾರವಿಲ್ಲ. ಉರಿಯುವ ಯಾವ ಬತ್ತಿಯೂ ಗಾಳಿಗೆ ಏನನ್ನಾದರೂ ಸೇರಿಸುವುದೇ ಹೊರತು ತೆಗೆಯುವುದಿಲ್ಲ. ಕಲ್ಲೆಣ್ಣೆಯಿಂದಾದ ಪ್ಯಾರಾಫಿನ್ ಮೇಣವನ್ನು ಹೊರಗಿನಿಂದ ತರಿಸುವ ಬದಲು ಊರಿನ ಪದಾರ್ಥವೇ ಉಪಯೋಗಕ್ಕೆ ಬರುವುದು, ಮಂದವಾದ ಜೇನಿನ ವಾಸನೆಯಿರುವುದು, ಇವೇ ಅದರ ನಿಜವಾದ ಗುಣಗಳು.

ಸುಗಂಧಕ್ಕಾಗಿ ಮೇಣದಲ್ಲಿ ಹಸಿಯ ಮಲ್ಲಿಗೆಯನ್ನು ಹಾಕುವುದು ವ್ಯರ್ಥ. ಅದರ ನೀರಿನಂಶದಿಂದ ಬತ್ತಿಯು ಚಟಪಟನೆ ಸಿಡಿಯುವುದು. ಒಣಗಿದ ಹೂವೂ ಎಲೆಯೂ ಬತ್ತಿಯೊಳಗಿದ್ದರೆ ತಾವೇ ಹೊತ್ತಿಕೊಳ್ಳುತ್ತವೆ. ಸುಗಂಧವನ್ನು ಬೇರೆಯಾಗಿಯೇ ಇಡುವುದು ಲೇಸು. ಹಾವೇರಿಯು ಏಲಕ್ಕಿಯ ಹಾರಗಳಿಗೆ ಹೆಸರಾದ ಊರು. ಏಲಕ್ಕಿಯ ಸಿಪ್ಪೆಯನ್ನು ಒಣಗಿದ ದವನ, ಮರುಗಗಳೊಡನೆ ಬೆರಸಿ ಅರಿವೆಯ ಚೀಲದಲ್ಲಿ ಕಟ್ಟಿ ಬಟ್ಟೆಯ ಪೆಟ್ಟಿಗೆಯಲ್ಲಿಡಬಹುದು. ಬೇಸಗೆಯಲ್ಲಿ ಲಾವಂಚದ ಬೇರನ್ನು ನೆನೆಸಿ ಕಿಟಕಿಗೆ ತೂಗುಹಾಕಿದರೆ ತಂಪೂ ಕಂಪೂ ಎರಡೂ ಆಗುವುವು. ಕೆಂಡದ ಮೇಲೆ ಸಾಂಬ್ರಾಣಿ ಹಾಕುವವರು ಬಾಗಿಲು ಕಿಟಕಿಗಳನ್ನು ತೆರೆದಿಡಬೇಕು, ಎದೆರೋಗದವರೂ ಕೂಸುಗಳೂ ಇರುವ ಕೋಣೆಯಲ್ಲಿ ಬೇಡವೇ ಬೇಡ. ದೃಷ್ಟಿ ತೆಗೆದು ಕೆಂಡಕ್ಕೆ ಹಾಕುವ ಮೆಣಸಿನಕಾಯಿಯ ಘಾಟು ಬ್ಯಾಡಗಿಯವರಿಗೆ ಹೇಳಿಕೊಡಬೇಕಾದದ್ದಲ್ಲ.

ಇನ್ನು ಮುಖ್ಯವಾದ ಒಂದು ಸಂಗತಿ. 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಗೂ ಹತ್ತಿಗೂ ಹುಳುಗಳ ಕಾಟಕ್ಕಾಗಿ ಔಷಧ ಸಿಂಪಡಿಸುವ ವಾಡಿಕೆಯಿದೆ. ಈ ವಿಷಗಳಲ್ಲಿ ಹಲವು ಕೊಬ್ಬಿನಲ್ಲಿ ಕರಗುವಂಥವಾದ್ದರಿಂದ ಮೇಣದಲ್ಲಿ ಸೇರಿ ಬಹುಕಾಲ ನಿಲ್ಲುತ್ತವೆ. ಕರಗಿಸಿ ಶೋಧಿಸಿದರೂ ಹೋಗುವುದಿಲ್ಲ. ಹೊಲವು ಹೂವಿನಲ್ಲಿರುವಾಗ ಸಿಂಪಡಿಸಕೂಡದು. ಅನಿವಾರ್ಯವಾದರೆ ಸಂಜೆ ನೊಣಗಳು ಗೂಡಿಗೆ ಹಿಂದಿರುಗಿದ ಮೇಲೆ, ನೆರೆಯ ಜೇನುಸಾಕಣೆದಾರರಿಗೆ ಒಂದು ದಿನ ಮುಂಚೆ ತಿಳಿಸಿ ಮಾಡತಕ್ಕದ್ದು.

ಶೋಧಿಸಿದ ಮೇಣವನ್ನು ಬಿಲ್ಲೆಗಳಾಗಿ ಕಾಗದದಲ್ಲಿ ಸುತ್ತಿ ತಂಪಾದ ಜಾಗದಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಳೆಯ ಬತ್ತಿಯ ಮೇಲೆ ಕಾಣುವ ಬಿಳಿಯ ಪುಡಿಯು ಬೂಷ್ಟಲ್ಲ. ಮೆತ್ತನೆಯ ಬಟ್ಟೆಯಿಂದ ಒರಸಿದರೆ ಹೋಗುವುದು.