ಕಾಣದ ಶಿಖರವನ್ನು ಕಾಣುವ ಬಗೆ

ಹಂಪೆಯ ವಿಟ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವನ್ನು ಅರಿಯದವರು ವಿರಳ. ಅಲ್ಲಿಗೆ ಹೋಗದವರೂ 2017ರಿಂದ ಬಂದ ಐವತ್ತು ರೂಪಾಯಿಯ ನೋಟಿನಲ್ಲಿ ಅದನ್ನು ಕಂಡಿರುತ್ತಾರೆ. ಆದರೆ ಆ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವೊಂದಿದ್ದಿತೆಂಬುದನ್ನು ಬಲ್ಲವರೆಷ್ಟು ಮಂದಿ? ಅಲೆಗ್ಸಾಂಡರ್ ಗ್ರೀನ್‌ಲಾ ಎಂಬಾತನು 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಆ ಶಿಖರವುಂಟು, ಇಂದು ಸ್ಥಳದಲ್ಲಿಲ್ಲ.

ಹೀಗೆ ಅಳಿದುದನ್ನು ಮರಳಿ ಕಣ್ಣಿಗೆ ಕಟ್ಟಿಸಬಲ್ಲ ಸಾಧನವೇ ವರ್ಚುಯಲ್ ರಿಯಾಲಿಟಿ. ‘ಕಲ್ಪಿತ ವಾಸ್ತವ’ವೆಂದು ಕರೆಯೋಣ. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕೋನಗಳಿಂದ ಕಾಣುತ್ತವೆ; ಮನಸ್ಸು ಅವೆರಡನ್ನೂ ಬೆಸೆದು ಆಳವನ್ನು ಗ್ರಹಿಸುತ್ತದೆ. ಈ ಸಾಧನವೂ ಒಂದೊಂದು ಕಣ್ಣಿಗೆ ಒಂದೊಂದು ಚಿತ್ರವನ್ನು ಒಡ್ಡಿ, ಇಲ್ಲದ ಆಳವನ್ನು ಉಂಟುಮಾಡುತ್ತದೆ. ಮುಖಕ್ಕೆ ಧರಿಸುವ ಬಗೆಯದಾದರೆ, ತಲೆ ತಿರುಗಿಸಿದಂತೆ ನೋಟವೂ ತಿರುಗುತ್ತದೆ.

ತೋರಣಗಲ್ಲಿನ ಬಳಿಯ ಕಲಾಧಾಮದಲ್ಲಿ 2012ರಲ್ಲಿ ತೆರೆದ ‘ಪ್ಲೇಸ್ ಹಂಪಿ’ ಎಂಬ ಪ್ರದರ್ಶನದ ಏರ್ಪಾಡು ಬೇರೆ. ಸುತ್ತಲೂ ದುಂಡಾದ ತೆರೆ, ನಡುವೆ ತಿರುಗುವ ವೇದಿಕೆ. ಯಾವ ದಿಕ್ಕನ್ನು ನೋಡಬೇಕು, ಹಂಪೆಯ ಯಾವ ಎಡೆಯನ್ನು ಹೊಗಬೇಕು ಎಂಬುದನ್ನು ನೋಡುಗನೇ ಆರಿಸಬೇಕು. ಕಲಿಕೆಯ ಗುಟ್ಟು ಇಲ್ಲಿದೆ. ಫಲಕವನ್ನೋದುವವನು ಹೇಳಿದುದನ್ನು ಕೇಳುತ್ತಾನೆ. ತಾನೇ ತಿರುಗಿ ಅರಸುವವನು ಪ್ರಶ್ನಿಸತೊಡಗುತ್ತಾನೆ.

ಆದರೆ ಒಂದು ಎಚ್ಚರಿಕೆ ಅಗತ್ಯ. ರಥದ ಶಿಖರಕ್ಕೆ ಛಾಯಾಚಿತ್ರದ ಸಾಕ್ಷ್ಯವಿದೆ. ಹಂಪೆಯ ಅರಮನೆಗಳಲ್ಲಾದರೋ ಉಳಿದಿರುವುದು ಹೆಚ್ಚಾಗಿ ಕಲ್ಲಿನ ಜಗಲಿ. ಮೇಲಣ ಮರದ ಕಟ್ಟಡ ಅಳಿದುಹೋಗಿದೆ. ಅದರ ರೂಪ ಬಹುಮಟ್ಟಿಗೆ ಊಹೆ. ಯಂತ್ರವು ಸಾಕ್ಷ್ಯವನ್ನೂ ಊಹೆಯನ್ನೂ ಒಂದೇ ಹೊಳಪಿನಲ್ಲಿ ತೋರಿಸಬಲ್ಲದು. ಎಳೆಯ ಮನಸ್ಸು ಎರಡನ್ನೂ ಒಂದೇ ಎಂದು ನಂಬಬಹುದು. ಒಮ್ಮೆ ಕಣ್ಣಾರೆ ಕಂಡುದನ್ನು ಆಮೇಲೆ ಮಾತಿನಿಂದ ಅಳಿಸುವುದು ಸುಲಭವಲ್ಲ. ಇದನ್ನು ಮನಗಂಡೇ ವಿದ್ವಾಂಸರು 2009ರ ಪರಿಷ್ಕೃತ ‘ಲಂಡನ್ ಸನ್ನದಿ’ನಲ್ಲಿ, ಇಂಥ ಚಿತ್ರಗಳಲ್ಲಿ ಸಾಕ್ಷ್ಯವಾವುದು, ಊಹೆಯಾವುದು ಎಂಬುದು ನೋಡುಗರಿಗೆ ತಿಳಿಯುವಂತಿರಬೇಕೆಂದು ವಿಧಿಸಿದರು.

ನಮ್ಮ ಕುಕ್ಕುವಾಡದ ಕಡೆಯ ಮಕ್ಕಳಿಗೆ ಈ ವಿವೇಕವನ್ನು ಕಲಿಸಲು ಯಂತ್ರಕ್ಕಾಗಿ ಕಾಯಬೇಕಿಲ್ಲ. ಹೊಯ್ಸಳ ದಂಡನಾಥ ಪೋಲಾಳ್ವನು 1224ರ ವೇಳೆಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಹತ್ತಿರವೇ ಇದೆ. ಅಲ್ಲಿಯ ಮೂರ್ತಿಯಲ್ಲಿ ಹರಿಯೂ ಹರನೂ ಒಂದೇ ಮೈಯಲ್ಲಿ ಕೂಡಿದ್ದಾರೆ. ಆದರೂ ಯಾವ ಭಾಗ ಯಾರದೆಂಬುದನ್ನು ಲಾಂಛನಗಳೇ ಹೇಳುತ್ತವೆ. ಸಾಕ್ಷ್ಯವೂ ಊಹೆಯೂ ಒಂದೇ ಚಿತ್ರದಲ್ಲಿ ಹಾಗೆ ಕೂಡಿರಲಿ. ಮಕ್ಕಳನ್ನು ಇಂಥ ಪ್ರದರ್ಶನಕ್ಕೆ ಕರೆದೊಯ್ದಾಗ, “ಚೆನ್ನಾಗಿತ್ತೆ?” ಎಂದಷ್ಟೇ ಕೇಳಬೇಡಿ, “ಇದು ಹೀಗಿತ್ತೆಂದು ಹೇಗೆ ತಿಳಿಯಿತು?” ಎಂದೂ ಕೇಳಿ.